ಹದಿನೆಂಟರಿಂದ ನಲವತ್ತರವರೆಗೆ

ಅಚ್ಚುಕೂಟದಲ್ಲಿ ನನ್ನ ಕೆಲಸ ಕರಡು ನೋಡುವುದು. ಮೂವತ್ತೊಂದು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತನಾದ ಮೇಲೆ ಇದನ್ನು ಒಪ್ಪಿಕೊಂಡೆ. ಅಲ್ಲಿಗೆ ಬರುವುದು ಬಹುಪಾಲು ಅಂಕಿಗಳ ಸರಕು: ಬಸ್ಸಿನ ವೇಳಾಪಟ್ಟಿ, ದಿನದರ್ಶಿಕೆ, ಮಗ್ಗಿ ಪುಸ್ತಕ, ತೂಕ ಮತ್ತು ಅಳತೆಗಳ ಕೋಷ್ಟಕ. ಅವುಗಳನ್ನು ನಾನು ಓದುವುದಿಲ್ಲ, ಎಣಿಸುತ್ತೇನೆ. ಪುಟಕ್ಕೆ ಎಷ್ಟು ಸಾಲು ಇರಬೇಕೆಂದು ಗೊತ್ತಿದ್ದರೆ ಬಿಟ್ಟುಹೋದದ್ದು ತಾನಾಗಿ ಸಿಕ್ಕಿಬೀಳುತ್ತದೆ. ಹನ್ನೊಂದು ವರ್ಷಗಳಲ್ಲಿ ನಾನು ಸಹಿ ಹಾಕಿದ ಒಂದು ಪುಟವೂ ತಪ್ಪಿನ ಕಾರಣಕ್ಕೆ ಹಿಂದಿರುಗಿರಲಿಲ್ಲ.

ಕಳೆದ ವರ್ಷ ಯಜಮಾನರು ಒಂದು ಕಿರುಹೊತ್ತಗೆಯನ್ನು ಅಚ್ಚಿಗೆ ತೆಗೆದುಕೊಂಡರು. ಅದರಲ್ಲಿ ಇದ್ದದ್ದು ದಿನಬಳಕೆಯ ಅರವತ್ತು ಇಂಗ್ಲಿಷ್ ನುಡಿಗಟ್ಟುಗಳು ಮತ್ತು ನಮ್ಮ ಮಾತಿನಲ್ಲಿ ಅವುಗಳ ಅರ್ಥ. ಅಂಚೆ ಕಚೇರಿಯ ಒಳಪರೀಕ್ಷೆಯಲ್ಲಿ ನುಡಿಗಟ್ಟಿಗೇ ಇಪ್ಪತ್ತು ಅಂಕ ಇರುವುದರಿಂದ ಪುಸ್ತಕ ಹೋಗುತ್ತದೆ ಎಂಬುದು ಅವರ ಎಣಿಕೆ. ಇಂಗ್ಲಿಷ್ ಕಲಿಸುತ್ತಿದ್ದ ಒಬ್ಬ ಉಪಾಧ್ಯಾಯಿನಿ ಬರೆದಿಟ್ಟುಹೋಗಿದ್ದ ಎರಡು ನೋಟು ಪುಸ್ತಕಗಳೇ ಮೂಲಪ್ರತಿ. ಒಂದರಲ್ಲಿ ನುಡಿಗಟ್ಟು, ಇನ್ನೊಂದರಲ್ಲಿ ಅರ್ಥ.

ನಮ್ಮಲ್ಲಿ ಅಚ್ಚಿನ ಮೊಳೆಗಳನ್ನು, ಅಂದರೆ ಸೀಸದ ಬಿಡಿ ಅಕ್ಷರಗಳನ್ನು, ಜೋಡಿಸುವವರು ಇಬ್ಬರು. ಇಂಗ್ಲಿಷ್ ಅಕ್ಷರ ಜೋಡಿಸುವಾತನನ್ನು ಎಲ್ಲರೂ ದೊರೆ ಎನ್ನುತ್ತಾರೆ. ಮೊಣಕೈವರೆಗೆ ಮಸಿಯಿದ್ದರೂ ಅಂಗಿಯ ಇಸ್ತ್ರಿ ಮುರಿಯದ ಮನುಷ್ಯ. ನಮ್ಮ ಮಾತನ್ನು ಸರಾಗವಾಗಿ ಆಡುತ್ತಾನೆ, ಓದಲು ಬಾರದು. ನಮ್ಮ ಅಕ್ಷರ ಜೋಡಿಸುವವಳು ಮೊಳೆಯಕ್ಕ. ಅವಳಿಗೆ ಇಂಗ್ಲಿಷ್ ಬಾರದು. ಪುಟದ ಎಡಗಡೆಯ ಅಂಕಣ ದೊರೆಯದು, ಬಲಗಡೆಯದು ಮೊಳೆಯಕ್ಕನದು. ಕ್ರಮಸಂಖ್ಯೆ ಎಡಕ್ಕೆ ಮಾತ್ರ. ಎರಡು ಅಂಕಣಗಳನ್ನೂ ಪಕ್ಕಪಕ್ಕದಲ್ಲಿಟ್ಟು ಚೌಕಟ್ಟಿಗೆ ಬಿಗಿದರೆ ಒಂದು ಪುಟವಾಯಿತು. ಅರವತ್ತನ್ನು ಮೂರರಿಂದ ಭಾಗಿಸಿ ನಾನೇ ಆಜ್ಞೆ ಕೊಟ್ಟಿದ್ದೆ: ಪುಟಕ್ಕೆ ಇಪ್ಪತ್ತು ಸಾಲು. ಇಪ್ಪತ್ತೊಂದಾದರೆ ನನ್ನ ಮೇಜಿಗೆ ತರಬೇಡಿ.

ಕರಡು ಬಂದಾಗ ಎಡಗಡೆಯ ಅಂಕಣವನ್ನು ಮೂಲಪ್ರತಿಯೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿದೆ. ಪರಭಾಷೆಯಾದುದರಿಂದ ಭಯವಿತ್ತು. ಬಲಗಡೆಯದು ನಮ್ಮದೇ ಮಾತು. ಕಾಗುಣಿತ ನೋಡಿ, ಸಾಲು ಎಣಿಸಿದೆ. ಎಡಕ್ಕೆ ಅರವತ್ತು, ಬಲಕ್ಕೆ ಅರವತ್ತು. ಸಹಿ ಹಾಕಿದೆ. ಮುನ್ನೂರು ಪ್ರತಿ ಅಚ್ಚಾದವು.

ಮೊದಲನೆಯ ಪ್ರತಿಯನ್ನು ಸೊಸೆಗೆ ಕೊಟ್ಟೆ.

ಅವಳು ಅಂಚೆ ಕಚೇರಿಯ ವಿಂಗಡಣೆ ಕೋಣೆಯಲ್ಲಿ ರಾತ್ರಿ ಪಾಳಿಯವಳು. ಮಗ ಬಸ್ಸಿನ ಚಾಲಕ. ಮುಂಜಾನೆ ಐದೂವರೆಗೆ ಅವನು ಹೊರಟರೆ ಆರಕ್ಕೆ ಇವಳು ಬರುತ್ತಾಳೆ. ಸಂಜೆ ಅವನು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಇವಳು ಚಪ್ಪಲಿ ಮೆಟ್ಟುತ್ತಿರುತ್ತಾಳೆ. ಅವನ ವಾರದ ರಜೆ ಶುಕ್ರವಾರ, ಇವಳದು ಮಂಗಳವಾರ; ಮಂಗಳವಾರ ಅವನು ದೂರದೂರಿಗೆ ಬಸ್ಸು ಒಯ್ದು ರಾತ್ರಿ ಅಲ್ಲೇ ತಂಗುತ್ತಾನೆ. ಮದುವೆಯಾಗಿ ಆರು ವರ್ಷವಾಗಿತ್ತು. ಒಂದೇ ಹೊತ್ತಿಗೆ ಇಬ್ಬರೂ ಊಟಕ್ಕೆ ಕುಳಿತ ದಿನಗಳನ್ನು ನಾನು ಒಮ್ಮೆ ಲೆಕ್ಕ ಹಾಕಿ, ಫಲವನ್ನು ಯಾರಿಗೂ ಹೇಳಲಿಲ್ಲ.

ಹಗಲು ಪಾಳಿಗೆ ಬರಲು ಅವಳಿಗೆ ಇದ್ದ ದಾರಿ ಒಂದೇ. ವಿದೇಶಿ ಅಂಚೆಯ ವಿಚಾರಣೆ ಕೌಂಟರಿನಲ್ಲಿ ಒಂದು ಸ್ಥಾನ ಖಾಲಿಯಾಗಿತ್ತು. ಪರೀಕ್ಷೆಗೆ ಕುಳಿತವರು ಹತ್ತೊಂಬತ್ತು ಮಂದಿ. ಮೂವತ್ತೈದು ತುಂಬಿದವರಿಗೆ ಅವಕಾಶವಿಲ್ಲ. ಸೊಸೆಗೆ ಮೂವತ್ತೈದು ತುಂಬಲು ಎರಡು ತಿಂಗಳು ಉಳಿದಿತ್ತು.

ಸಂಜೆ ಐದಕ್ಕೆ ನಾನು ಅಚ್ಚುಕೂಟದಿಂದ ಬಂದರೆ ಅಡಿಗೆಮನೆಯ ಮೇಜಿನ ಮುಂದೆ ಪಾಠ ಆರಂಭ. ನನ್ನ ಹೆಂಡತಿ ಹುರುಳಿಕಾಯಿಯ ನಾರು ತೆಗೆಯುತ್ತಾಳೆ, ಸೊಸೆ ಹೆಚ್ಚುತ್ತಾಳೆ, ನಾನು ಪುಸ್ತಕ ಹಿಡಿದು ಕೇಳುತ್ತೇನೆ.

"ಹದಿನೆಂಟು."

"ಎ ಪೀಸ್ ಆಫ್ ಕೇಕ್. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ."

"ಸರಿ."

"ಇದು ಸುಲಭ ಮಾವ. ಕೇಕು ತಿನ್ನೋದು ಹುಟ್ಟಿದ ದಿನಕ್ಕೆ ತಾನೇ? ವರ್ಷಕ್ಕೊಂದ್ಸಲ."

ಹೀಗೆ ಪ್ರತಿಯೊಂದಕ್ಕೂ ಅವಳು ಒಂದು ಕಾರಣ ಕಟ್ಟಿಕೊಂಡಿದ್ದಳು. ಇಪ್ಪತ್ತನೆಯದು 'ಸ್ಪಿಲ್ ದ ಬೀನ್ಸ್', ಕಾಳು ಚೆಲ್ಲುವುದು, ಅರ್ಥ ಮೈ ಸ್ವಸ್ಥವಿಲ್ಲದಿರುವುದು. ಜ್ವರ ಬಂದವರ ಕೈ ನಡುಗಿ ಕಾಳು ಚೆಲ್ಲುತ್ತದೆ. ಇಪ್ಪತ್ತೆರಡನೆಯದು ಮೂಟೆಗೆ ಹೊಡೆಯುವುದು, ಅರ್ಥ ಕಷ್ಟವನ್ನು ಸಹಿಸುವುದು. ಅದಕ್ಕೆ ಅವಳು ಕಾರಣ ಹುಡುಕಬೇಕಾಗಿರಲಿಲ್ಲ.

"ರಾತ್ರಿಗೆ ನಲವತ್ತು ಅಂಚೆ ಮೂಟೆ ಎತ್ತಿ ಹಾಕ್ತೀನಿ ಮಾವ. ಮೂಟೆ ಅಂದ್ರೆ ಕಷ್ಟ ಅಂತ ಇಂಗ್ಲಿಷಿನವರಿಗೂ ಗೊತ್ತಿದೆಯಲ್ಲ, ಪುಣ್ಯಾತ್ಮರು."

ಮೂವತ್ತನೆಯದಕ್ಕೆ ಮಾತ್ರ ಅವಳು ಚಾಕು ಕೆಳಗಿಟ್ಟಳು. ಅದು 'ಪುಲ್ ಸಮ್‌ವನ್ಸ್ ಲೆಗ್'. ಪುಸ್ತಕದಲ್ಲಿ ಅದರ ಎದುರಿಗೆ 'ಅಪರಿಚಿತರೊಡನೆ ಸಂಕೋಚ ಕಳೆದು ಮಾತಿಗೆ ತೊಡಗುವುದು' ಎಂದಿತ್ತು.

"ಮಾವ, ಇದು ಕಾಲೆಳೆಯೋದಲ್ವಾ? ಕಾಲೆಳೆಯೋದು ಅಂದ್ರೆ ತಮಾಷೆ ಮಾಡೋದು. ನಮ್ಮಲ್ಲೂ ಹಾಗೇ ಅಂತೀವಿ. ಇಲ್ಲಿ ಬೇರೆ ಏನೋ ಇದೆ."

"ಅದು ನಮ್ಮ ಮಾತು. ಇದು ಅವರ ಮಾತು."

"ಆದ್ರೂ ಕಾಲು ಕಾಲೇ ಅಲ್ವಾ?"

"ನುಡಿಗಟ್ಟು ಅಂದರೆ ಏನು? ಪದ ಒಂದು ಹೇಳುತ್ತೆ, ಅರ್ಥ ಇನ್ನೊಂದಿರುತ್ತೆ. ಮುನ್ನುಡಿಯಲ್ಲೇ ಬರೆದಿದೆ. ಪದವನ್ನು ನಂಬಬೇಡ, ಪುಸ್ತಕವನ್ನು ನಂಬು. ಹತ್ತೊಂಬತ್ತನೆಯದಕ್ಕೂ ನೀನು ಹೀಗೇ ಅಂದೆ. ತರ್ಕ ಮಾಡೋಕೆ ಕೂತರೆ ಅರವತ್ತು ಮುಗಿಯೋದಿಲ್ಲ."

"ಅವಳ ಕಾಲನ್ನ ಯಾಕೆ ಎಳೀತೀರಿ, ಬಿಡಿ" ಎಂದಳು ಹೆಂಡತಿ, ತಲೆ ಎತ್ತದೆ. "ಕಲ್ಲಿಗೆ ಹೇಳಿದರೂ ಕರಗೀತು, ನಿಮ್ಮ ಮಾವನಿಗೆ ಹೇಳಬೇಡಮ್ಮ. ಎಣಿಸಿದ್ದಾರಂತಲ್ಲ, ಮುಗೀತು."

ಸೊಸೆ ನಕ್ಕು, ಚಾಕು ತೆಗೆದುಕೊಂಡು, ಮೂವತ್ತನೆಯದನ್ನು ಪುಸ್ತಕದಲ್ಲಿದ್ದಂತೆಯೇ ಒಪ್ಪಿಸಿದಳು. ಮೂರು ವಾರಗಳಲ್ಲಿ ಅರವತ್ತೂ ಬಾಯಿಗೆ ಬಂದವು. ಕೇಳಿ ಕೇಳಿ ನನಗೂ ಬಂದವು.

ಪರೀಕ್ಷೆ ಶನಿವಾರ. ಅದಕ್ಕೆ ಮುಂಚಿನ ಬುಧವಾರ ಮಧ್ಯಾಹ್ನ ದೊರೆ ಕೊರಳಿಗೆ ಉಲ್ಲನ್ ಬಟ್ಟೆ ಸುತ್ತಿಕೊಂಡು ಊಟದ ಡಬ್ಬಿಯನ್ನು ತೆರೆಯದೆ ಕುಳಿತಿದ್ದ. ಏನಾಯಿತೆಂದು ಕೇಳಿದೆ.

"ಅಂಡರ್ ದ ವೆದರ್, ಮೇಷ್ಟ್ರೇ."

ಅದು ಹತ್ತೊಂಬತ್ತನೆಯದು. 'ಬಹಳ ಸುಲಭವಾದ ಕೆಲಸ'. ನಾನು, "ಒಳ್ಳೆಯದೇ ಆಯಿತಲ್ಲ. ಅಂಥ ಕೆಲಸ ವಾರಕ್ಕೆ ಒಂದಾದರೂ ಸಿಗಬೇಕು" ಎಂದೆ.

ದೊರೆ ನನ್ನ ಮುಖ ನೋಡಿದ. "ನೆಗಡಿ ಬಂದ್ರೆ ಒಳ್ಳೆಯದಾ?"

"ನೆಗಡಿಯ ಮಾತು ಎಲ್ಲಿ ಬಂತು? ಸುಲಭದ ಕೆಲಸ ಅಂದೆಯಲ್ಲ."

"ಮೈ ಸರಿಯಿಲ್ಲ ಅಂದೆ ಮೇಷ್ಟ್ರೇ. ಸುಲಭದ ಕೆಲಸ ಅಂದ್ರೆ ಅದು ಎ ಪೀಸ್ ಆಫ್ ಕೇಕ್."

ನಾನು ಕೈ ತೊಳೆದುಕೊಂಡು ಬಂದು ಕಪಾಟಿನಿಂದ ಎರಡು ನೋಟು ಪುಸ್ತಕಗಳನ್ನೂ ಅಚ್ಚಾದ ಪ್ರತಿಯನ್ನೂ ತೆಗೆದೆ. ಅರ್ಥಗಳ ನೋಟು ಪುಸ್ತಕವನ್ನು ಮೊದಲ ಸಲ ಸಾಲಿಗೆ ಸಾಲು ಹೋಲಿಸಿದೆ. ಹದಿನೇಳರವರೆಗೆ ಸರಿಯಿತ್ತು. ಹದಿನೇಳನೆಯದು 'ವನ್ಸ್ ಇನ್ ಎ ಬ್ಲೂ ಮೂನ್'. ಅದರ ಅರ್ಥವನ್ನು ಉಪಾಧ್ಯಾಯಿನಿ ಉದ್ದವಾಗಿ ಬರೆದಿದ್ದಳು: 'ಬಹಳ ಅಪರೂಪಕ್ಕೆ, ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ'. ಅಂಕಣದ ಅಗಲ ಸಾಲದೆ ಅದು ಎರಡು ಸಾಲಾಗಿತ್ತು. ಎರಡನೆಯ ಸಾಲು ಹದಿನೆಂಟರ ಎದುರಿಗೆ ಬಂದಿತ್ತು. ಹದಿನೆಂಟರ ಅರ್ಥ ಹತ್ತೊಂಬತ್ತರ ಎದುರಿಗೆ, ಹತ್ತೊಂಬತ್ತರದು ಇಪ್ಪತ್ತರ ಎದುರಿಗೆ. ಪ್ರತಿಯೊಂದು ನುಡಿಗಟ್ಟೂ ಮೇಲಿನ ಮನೆಯವನ ಅರ್ಥವನ್ನು ಹೊತ್ತು ನಿಂತಿತ್ತು. ಎರಡನೆಯ ಪುಟದ ಕೊನೆಯವರೆಗೆ ಹೀಗೆಯೇ ಇಳಿದು, ಮೂರನೆಯ ಪುಟದಲ್ಲಿ ನಲವತ್ತೊಂದರಿಂದ ಮತ್ತೆ ಎಲ್ಲವೂ ಸರಿಯಾಗಿತ್ತು. ಹದಿನೆಂಟರಿಂದ ನಲವತ್ತರವರೆಗೆ, ಒಟ್ಟು ಇಪ್ಪತ್ಮೂರು ತಪ್ಪು.

ಒಂದು ಸಾಲು ಹೆಚ್ಚಿದ್ದರೆ ಮೊತ್ತ ಅರವತ್ತೊಂದಾಗಬೇಕಿತ್ತು. ಅರವತ್ತೇ ಬಂದಿದ್ದರೆ ಎಲ್ಲೋ ಒಂದು ಬಿಟ್ಟುಹೋಗಿರಬೇಕು. ಮೊಳೆಯಕ್ಕನನ್ನು ಕರೆದೆ.

ಅವಳು ಪುಟ ನೋಡಿದಳು. ತನ್ನ ಮೊಳೆಗೂಡಿನ ಕೆಳಗಿನ ಖಾನೆ ಎಳೆದು, ದಾರ ಸುತ್ತಿದ ಒಂದು ಸಾಲು ಸೀಸದ ಮೊಳೆಗಳನ್ನು ತಂದು ಮೇಜಿನ ಮೇಲೆ ಇಟ್ಟಳು.

"ಇದು ಉಳಿದುಹೋಗಿತ್ತು ಮೇಷ್ಟ್ರೇ. ಎರಡನೇ ಪುಟಕ್ಕೆ ಇಪ್ಪತ್ತು ಸಾಲು ತುಂಬಿಬಿಟ್ಟಿತ್ತು. ಮೂರನೇದನ್ನ ಹಿಂದಿನ ದಿನವೇ ಕಟ್ಟಿ ಬಿಗಿದಾಗಿತ್ತು. ಕೇಳೋಣ ಅಂತ ಎರಡು ಸಲ ನಿಮ್ಮ ಹತ್ರ ಬಂದೆ."

"ಕೇಳಲಿಲ್ಲವಲ್ಲ."

"ನೀವು ಎಣಿಸ್ತಾ ಇದ್ರಿ. ಎಣಿಸೋವಾಗ ಮಾತಾಡಿಸಿದ್ರೆ ಹೋದ ವರ್ಷ ಏನಂದ್ರಿ, ನೆನಪಿದೆಯಾ?"

ನೆನಪಿತ್ತು. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ.

"ಕೊನೇದೊಂದು ಹೋದ್ರೆ ಹೋಯ್ತು ಅಂದ್ಕೊಂಡೆ" ಎಂದಳು. "ಮೇಲಿನವೆಲ್ಲ ಜಾರಿವೆ ಅಂತ ನನಗೇನು ಗೊತ್ತು? ಎಡಗಡೆ ಇರೋದು ನನಗೆ ಬರೀ ಇರುವೆ ಸಾಲು."

"ನಂಗೆ ಬಲಗಡೇದು ಜಿಲೇಬಿ ಸಾಲು" ಎಂದ ದೊರೆ. ಯಾರೂ ನಗಲಿಲ್ಲ, ಅವನು ಕೆಮ್ಮಿದ.

ನಾನು ಕನ್ನಡಕ ಏರಿಸಿ ಆ ಸಾಲನ್ನು ತಲೆಕೆಳಗಾಗಿ ಓದಿದೆ. 'ತಣ್ಣಗಿರುವ ತಂಟೆಯನ್ನು ಕೆದಕದೆ ಬಿಡುವುದು'. ನಲವತ್ತನೆಯದು, ನಿದ್ರಿಸುವ ನಾಯಿಗಳನ್ನು ಎಬ್ಬಿಸದಿರುವುದರದು.

ಯಜಮಾನರು ಒಳಗಿನ ಕೋಣೆಯಲ್ಲಿದ್ದರು. ನೂರ ಹನ್ನೆರಡು ಪ್ರತಿ ಅಂಚೆ ಕಚೇರಿಯ ಎದುರಿನ ಪುಸ್ತಕದಂಗಡಿಯಲ್ಲಿ ಮಾರಾಟವಾಗಿದ್ದವು, ನೂರ ಎಂಬತ್ತೇಳು ಉಳಿದಿದ್ದವು. ಇಪ್ಪತ್ಮೂರು ಸಾಲುಗಳ ತಿದ್ದುಪಡಿ ಚೀಟಿ ಅಚ್ಚು ಹಾಕಿ ಕೊಂಡವರಿಗೆಲ್ಲ ಮುಟ್ಟಿಸಬೇಕು ಎಂದೆ.

"ಮೇಷ್ಟ್ರೇ, ಯಾರಾದ್ರೂ ದೂರು ತಂದ್ರಾ?"

"ಇಲ್ಲ."

"ಮತ್ತೆ? ಇರಲಾರದೆ ಇರುವೆ ಬಿಟ್ಕೊಂಡ ಹಾಗೆ ಯಾಕೆ? ಬೀದೀಲಿ ಹೋಗೋ ಮಾರೀನ ಮನೆಗೆ ಕರೀತಾರಾ? ಉಳಿದ ಪ್ರತಿಗೆ ಚೀಟಿ ಅಂಟಿಸೋಣ. ಹೋದದ್ದು ಹೋಯ್ತು." ಅವರು ದನಿ ತಗ್ಗಿಸಿದರು. "ಅಲ್ಲಾ, ಪರೀಕ್ಷೆಗೆ ನಿಮ್ಮ ಸೊಸೇನೂ ಕೂತಿದ್ದಾಳಲ್ಲ. ಮನೆಗೆ ಹೋಗಿ ಅವಳಿಗೆ ಹೇಳಿ. ಮಿಕ್ಕವರೆಲ್ಲ ಹಳೇದನ್ನೇ ಬರೀಲಿ. ನಿಮಗೇನು ನಷ್ಟ?"

ಅದನ್ನು ನಾನು ಅದುವರೆಗೆ ಯೋಚಿಸಿರಲಿಲ್ಲ. ಹೇಳಿದ ಮೇಲೆ ಯೋಚಿಸದಿರಲೂ ಆಗಲಿಲ್ಲ. ಸ್ಥಾನ ಒಂದು, ಸ್ಪರ್ಧಿಗಳು ಹತ್ತೊಂಬತ್ತು. ಬಹುಪಾಲು ಎಲ್ಲರ ಕೈಯಲ್ಲೂ ನನ್ನ ಸಹಿಯ ಪುಸ್ತಕ. ಇಪ್ಪತ್ತು ಅಂಕದಲ್ಲಿ ಏಳೆಂಟು ಈ ಇಪ್ಪತ್ಮೂರರಿಂದ ಬರುತ್ತವೆ. ನಾನು ಬಾಯಿ ಬಿಡದಿದ್ದರೆ ಸೊಸೆಗೆ ಹಗಲು ಪಾಳಿ ಸಿಕ್ಕಂತೆಯೇ.

"ಸಹಿ ನನ್ನದು. ಚೀಟಿ ಇವತ್ತೇ ಆಗಬೇಕು" ಎಂದೆ.

"ನಿಮ್ಮಿಷ್ಟ. ಕಾಗದ ಕೊಡ್ತೀನಿ. ಅಂಗಡಿ ಮುಂದೆ ನಿಂತು ಹಂಚೋಕೆ ನನ್ನ ಜನ ಇಲ್ಲ."

"ನಾನು ನಿಲ್ಲುತ್ತೇನೆ."

ಮೊಳೆಯಕ್ಕ ದಾರ ಬಿಚ್ಚಿದಳು. ದೊರೆ ನೆಗಡಿಯಲ್ಲೇ ಎಡಗಡೆ ಜೋಡಿಸಿದ. ಕರಡು ಬಂದಾಗ ನಾನು ಎಣಿಸಲಿಲ್ಲ. ದೊರೆ ಒಂದನ್ನು ಓದಿ ಅರ್ಥ ಬಾಯಲ್ಲಿ ಹೇಳಿದರೆ, ಮೊಳೆಯಕ್ಕ ಅದರ ಎದುರಿನ ಸಾಲನ್ನು ಓದಿದಳು. ಇಪ್ಪತ್ಮೂರು ಸಲ ಹೀಗೆ ಮಾಡಿದೆವು. ನಲವತ್ತೈದು ನಿಮಿಷ ಹಿಡಿಯಿತು. ಮೊದಲೇ ಮಾಡಿದ್ದರೂ ಅಷ್ಟೇ ಹಿಡಿಯುತ್ತಿತ್ತು.

ಮನೆಗೆ ಬಂದಾಗ ಆರು ಗಂಟೆ. ಸೊಸೆ ಹೊರಡಲು ಒಂದೂವರೆ ಗಂಟೆ ಉಳಿದಿತ್ತು. ಮೇಜಿನ ಮೇಲೆ ಹುರುಳಿಕಾಯಿ ಇತ್ತು. ನಾನು ಕುಳಿತುಕೊಳ್ಳದೆ ಚೀಟಿಯನ್ನು ಅವಳ ಮುಂದೆ ಇಟ್ಟೆ.

"ಪುಸ್ತಕದಲ್ಲಿ ಹದಿನೆಂಟರಿಂದ ನಲವತ್ತರವರೆಗೆ ಅರ್ಥಗಳು ಒಂದು ಸಾಲು ಕೆಳಗೆ ಜಾರಿವೆ. ನೀನು ಕಲಿತದ್ದು ತಪ್ಪು. ತಪ್ಪು ನನ್ನದು."

ಹೆಂಡತಿಯ ಕೈ ನಿಂತಿತು. "ಇನ್ನೊಂದ್ಸಲ ಹೇಳ್ರೀ. ಕಿವಿಗೆ ಬೀಳಲಿಲ್ಲ."

"ತಪ್ಪು ನನ್ನದು ಅಂದೆ."

"ನಲವತ್ತೆರಡು ವರ್ಷ ಆಯ್ತು ಈ ಮಾತು ಕೇಳೋಕೆ" ಎಂದಳು. ಆದರೆ ಸೊಸೆಯ ಮುಖ ನೋಡಿ ಮತ್ತೆ ಹುರುಳಿಕಾಯಿ ಎತ್ತಿಕೊಂಡಳು.

ಸೊಸೆ ಚೀಟಿಯನ್ನು ಮೇಲಿಂದ ಕೆಳಕ್ಕೆ ಓದಿದಳು. ಮೂವತ್ತರ ಬಳಿ ಬೆರಳು ನಿಂತಿತು.

"ಕಾಲೆಳೆಯೋದು. ತಮಾಷೆ ಮಾಡೋದು." ಅವಳ ದನಿ ಏರಲಿಲ್ಲ. "ನಾನು ಕೇಳಿದ್ದೆ ಮಾವ."

"ನೀನು ಕೇಳಿದ್ದೆ."

"ಹತ್ತೊಂಬತ್ತಕ್ಕೂ ಕೇಳಿದ್ದೆ."

"ಹೌದು."

ನನ್ನ ಬಳಿ ಒಂದು ಸೂತ್ರವಿತ್ತು. ದಾರಿಯುದ್ದಕ್ಕೂ ಅದನ್ನೇ ಸಿದ್ಧಪಡಿಸಿಕೊಂಡು ಬಂದಿದ್ದೆ. ಹದಿನೆಂಟರಿಂದ ಮೂವತ್ತೊಂಬತ್ತರವರೆಗೆ ಯಾವ ಸಂಖ್ಯೆ ಬಂದರೂ ಅದಕ್ಕೆ ಒಂದು ಕೂಡಿಸಿ, ಆ ಸಂಖ್ಯೆಯ ಎದುರಿಗೆ ಕಲಿತದ್ದನ್ನು ಹೇಳಿದರೆ ಉತ್ತರ ಸರಿಯಾಗುತ್ತದೆ. ನಲವತ್ತಕ್ಕೆ ಮಾತ್ರ ಹೊಸದು. ಹೇಳಿದೆ.

"ಪ್ರಶ್ನೆ ಪತ್ರಿಕೇಲಿ ನಿಮ್ಮ ಸಂಖ್ಯೆ ಎಲ್ಲಿರುತ್ತೆ ಮಾವ? ನಾನು ಸಂಖ್ಯೆ ಹಿಡ್ಕೊಂಡು ಕಲೀಲಿಲ್ಲ. ಕೇಕು ಅಂದ್ರೆ ಹುಟ್ಟಿದ ದಿನ ಕಣ್ಣಿಗೆ ಬರುತ್ತೆ. ಕಾಳು ಅಂದ್ರೆ ನಡುಗೋ ಕೈ. ಅದನ್ನ ಒಂದು ಕೂಡಿಸಿ ಅಳಿಸೋಕಾಗುತ್ತಾ?"

ಸೂತ್ರ ಸರಿಯಾಗಿತ್ತು, ಪ್ರಯೋಜನವಿರಲಿಲ್ಲ. ನಾನು ಕುಳಿತೆ.

ಅವಳು ಆಗ ನನ್ನ ಚೀಲ ನೋಡಿದಳು. "ಅಷ್ಟೊಂದು ಚೀಟಿ ಯಾಕೆ?"

"ಕೊಂಡವರಿಗೆಲ್ಲ ಕೊಡಬೇಕು. ನಾಳೆ, ನಾಡಿದ್ದು ಅಂಗಡಿಯ ಮುಂದೆ ನಿಲ್ಲುತ್ತೇನೆ."

ಸೊಸೆ ಚೀಟಿಯ ಅಂಚು ಮಡಿಸುತ್ತ, "ಭಾನುವಾರ ಕೊಟ್ರೆ ಆಗಲ್ವಾ ಮಾವ?" ಎಂದಳು.

ಹಾಗೆ ಕೇಳಿದ್ದಕ್ಕೆ ನಾನು ಅವಳನ್ನು ತಪ್ಪಿತಸ್ಥಳೆಂದು ಎಣಿಸಲಿಲ್ಲ. ಆರು ವರ್ಷಗಳ ಊಟದ ಲೆಕ್ಕ ನನ್ನ ಬಳಿಯೂ ಇತ್ತು.

"ಭಾನುವಾರ ಕೊಟ್ಟರೆ ಅದು ತಿದ್ದುಪಡಿ ಅಲ್ಲಮ್ಮ" ಎಂದೆ.

ಅವಳು ಎದ್ದು ಕೈ ತೊಳೆದು, ಸಮಯಕ್ಕಿಂತ ಅರ್ಧ ಗಂಟೆ ಮುಂಚೆಯೇ ಪಾಳಿಗೆ ಹೊರಟಳು. ಮಗ ಬಂದಾಗ ಬಾಗಿಲಲ್ಲಿ ಅವಳ ಚಪ್ಪಲಿ ಇರಲಿಲ್ಲ. ಏನಾಯಿತೆಂದು ತಾಯಿಯನ್ನು ಕೇಳಿದ. ಅವಳು ಹೇಳಿದಳು. ಅವನು ನನ್ನ ಕಡೆಗೆ ಒಮ್ಮೆ ನೋಡಿ ಊಟ ಮಾಡಿದ.

ಗುರುವಾರ ಬೆಳಿಗ್ಗೆ ಚೀಲ ತೆಗೆದಾಗ ಚೀಟಿಗಳ ಕಟ್ಟು ತೆಳ್ಳಗಾಗಿತ್ತು. ಎಣಿಸಿದೆ. ಹನ್ನೆರಡು ಕಡಿಮೆ. ಒಂದು ನಾನೇ ಅವಳಿಗೆ ಕೊಟ್ಟದ್ದು. ಉಳಿದ ಹನ್ನೊಂದು ಎಲ್ಲಿ ಎಂದು ಯೋಚಿಸುತ್ತಿದ್ದಾಗಲೇ ಅವಳು ಬಂದಳು.

"ನಮ್ಮ ಕೋಣೆಯಲ್ಲೇ ಹನ್ನೊಂದು ಜನ ಪರೀಕ್ಷೆಗೆ ಕೂತಿದ್ದಾರೆ" ಎಂದು ಚಪ್ಪಲಿ ಬಿಡುತ್ತ ಹೇಳಿದಳು. "ರಾತ್ರಿಯವರಿಗೆ ಬಂದ ತಕ್ಷಣ ಕೊಟ್ಟೆ. ಹಗಲಿನವರಿಗೆ ಕಾದಿದ್ದು ಬೆಳಿಗ್ಗೆ ಪಾಳಿ ಬದಲಾಗೋವಾಗ ಕೊಟ್ಟೆ. ಹಗಲು ಪಾಳೀಲಿ ಆ ಕನ್ನಡಕದಾಕೆ ಇದ್ದಾಳಲ್ಲ, 'ನಿಮ್ಮ ಮಾವ ಎಣಿಸೋದನ್ನ ಯಾವಾಗಿಂದ ಮರೆತ್ರು?' ಅಂದ್ಲು."

"ನೀನೇನಂದೆ?"

"ಎಣಿಕೆ ಮರೆತಿಲ್ಲ, ಎಣಿಕೆ ಒಂದೇ ನೆನಪಿಟ್ಕೊಂಡಿದ್ರು ಅಂದೆ." ಒಳಗೆ ಹೋಗುತ್ತ ತಿರುಗಿ, "ಮಲಗಿ ಎದ್ದ ಮೇಲೆ ಅತ್ತೆ ಹತ್ರ ಕಲೀತೀನಿ. ನೀವು ಅಂಗಡಿ ಮುಂದೆ ನಿಂತ್ಕೊಳ್ಳಿ" ಎಂದಳು.

ಎರಡು ದಿನ ನಿಂತೆ. ಕಂದು ರಟ್ಟಿನ ಪುಸ್ತಕ ಹಿಡಿದವರು ಕಂಡರೆ ಚೀಟಿ ಕೊಟ್ಟು, ಕರಡು ನೋಡಿದವನು ನಾನೇ ಎಂದು ಹೇಳಿದೆ. ಕೆಲವರು ವಂದಿಸಿದರು. ಒಬ್ಬ, "ಮೇಷ್ಟ್ರೇ, ಐದನೇ ತರಗತೀಲಿ ಒಂದು ಲೆಕ್ಕ ತಪ್ಪಿದ್ದಕ್ಕೆ ನನ್ನ ಬೆಂಚಿನ ಮೇಲೆ ನಿಲ್ಲಿಸಿದ್ರಿ. ನಿಮ್ಮನ್ನ ರಸ್ತೇಲಿ ನಿಲ್ಲಿಸಿದ್ದು ಯಾರು?" ಎಂದು ಕೇಳಿದ. ನಾನೇ ನಿಂತದ್ದು ಎಂದೆ. ಅವನು ಅಂಗಡಿಯಿಂದ ಒಂದು ಕುರ್ಚಿ ತಂದಿಟ್ಟು ಹೋದ. ಹತ್ತೊಂಬತ್ತು ಸ್ಪರ್ಧಿಗಳಲ್ಲಿ ಇಬ್ಬರು ಪುಸ್ತಕವನ್ನೇ ಕೊಂಡಿರಲಿಲ್ಲ. ಹದಿನಾರು ಮಂದಿಗೆ ಚೀಟಿ ಮುಟ್ಟಿತು. ಒಬ್ಬನು ಸಿಗಲಿಲ್ಲ. ಎಷ್ಟು ವಿಚಾರಿಸಿದರೂ ಅವನ ಮನೆ ಯಾರಿಗೂ ಗೊತ್ತಿರಲಿಲ್ಲ.

ಮನೆಯಲ್ಲಿ ಪಾಠ ಹೇಗೆ ನಡೆಯಿತೆಂಬುದನ್ನು ಶುಕ್ರವಾರ ಸಂಜೆ ನೋಡಿದೆ. ನನ್ನ ಹೆಂಡತಿಗೆ ಇಂಗ್ಲಿಷಿನ ಒಂದು ಅಕ್ಷರವೂ ಬಾರದು. ಸೊಸೆ ಚೀಟಿಯಿಂದ ಅರ್ಥ ಓದುತ್ತಾಳೆ. ಇವಳು ಅದಕ್ಕೆ ನಮ್ಮದೊಂದು ಮಾತು ಕೊಡುತ್ತಾಳೆ.

"ಗುಟ್ಟು ಹೊರಹಾಕುವುದು."

"ನಿನ್ನ ಚಿಕ್ಕತ್ತೆ. ಬಾಯಲ್ಲಿ ಎಳ್ಳುಕಾಳು ನೆನೆಯಲ್ಲ."

"ಅಲ್ಲೂ ಕಾಳೇ ಅತ್ತೆ! ಅವರು ಚೆಲ್ತಾರೆ, ನಾವು ನೆನೆಯೋಕೆ ಬಿಡಲ್ಲ. ಬಹಳ ಸುಲಭವಾದ ಕೆಲಸ?"

"ನೀರು ಕುಡಿದಷ್ಟು ಸುಲಭ. ಅವರಿಗೆ ಕೇಕು, ನಮಗೆ ನೀರು. ಮುಂದೆ?"

"ಕಷ್ಟವನ್ನು ಸಹಿಸುವುದು. ಇದಕ್ಕೆ ಗುಂಡು ಕಚ್ಚೋದು ಅಂತಾರೆ."

"ಹಲ್ಲು ಕಚ್ಚು ಅಂತೀವಿ ನಾವು. ನಲವತ್ತೆರಡು ವರ್ಷ ಕಚ್ಚಿದೀನಿ, ಸವೆದೇ ಹೋಗಿವೆ."

ನಾನು ಮೂರು ವಾರಗಳಲ್ಲಿ ಕಲಿಸಿದ್ದನ್ನು ಅವಳು ಎರಡು ದಿನಗಳಲ್ಲಿ ಅಳಿಸಿ ಬರೆದಳು. ನಲವತ್ತನೆಯದಕ್ಕೆ ಮಾತ್ರ ಹೆಂಡತಿ ಯೋಚಿಸುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು, "ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯದಿರುವುದು" ಎಂದೆ. ಯಜಮಾನರು ಹೇಳಿಕೊಟ್ಟದ್ದು ಎಂದೂ ಸೇರಿಸಿದೆ.

ಶನಿವಾರ ಪರೀಕ್ಷೆ ನಡೆಯಿತು. ಮೂರು ವಾರಗಳ ಮೇಲೆ ಫಲಿತಾಂಶ ಫಲಕಕ್ಕೆ ಬಂತು. ಕೌಂಟರಿನ ಸ್ಥಾನ ಹಗಲು ಪಾಳಿಯ ಕನ್ನಡಕದಾಕೆಗೆ ಹೋಯಿತು. ನೂರಕ್ಕೆ ಎಂಬತ್ತನಾಲ್ಕು. ಸೊಸೆಗೆ ಎಂಬತ್ತಮೂರು, ಎರಡನೆಯ ಸ್ಥಾನ.

"ಒಂದು ಯಾವುದು ತಪ್ಪಿತು?" ಎಂದು ಕೇಳಿದೆ. ಕೇಳಬಾರದಿತ್ತೇನೋ. ಆದರೆ ಒಂದು ಅಂಕದ ವ್ಯತ್ಯಾಸ ಎಲ್ಲಿಂದ ಬಂತೆಂದು ತಿಳಿಯದೆ ನನಗೆ ಕುಳಿತುಕೊಳ್ಳಲಾಗುವುದಿಲ್ಲ.

"ಮೂಟೆ" ಎಂದಳು. "ಹಿಟ್ ದ ಸ್ಯಾಕ್. ಮಲಗೋಕೆ ಹೋಗೋದು ಅಂತ ಬರೀಬೇಕಿತ್ತು. ಚೀಟೀಲಿ ಹತ್ತು ಸಲ ಓದಿದ್ದೆ. ಪತ್ರಿಕೇಲಿ ಮೂಟೆ ಅನ್ನೋದು ಕಂಡ ತಕ್ಷಣ ಕೈ ತಾನಾಗೇ 'ಕಷ್ಟವನ್ನು ಸಹಿಸುವುದು' ಅಂತ ಬರೆದುಬಿಡ್ತು. ಮಿಕ್ಕವೆಲ್ಲ ಅಳಿಸಿದವು ಮಾವ, ಅದೊಂದು ಅಳಿಸಲಿಲ್ಲ."

ಕನ್ನಡಕದಾಕೆ ಅದನ್ನು ಸರಿಯಾಗಿ ಬರೆದಿದ್ದಳು. ಸೊಸೆ ಕೊಟ್ಟ ಚೀಟಿಯಿಂದ ಕಲಿತದ್ದು. ಚೀಟಿ ಹಂಚದಿದ್ದರೆ ಕ್ರಮಾಂಕ ಹೇಗಿರುತ್ತಿತ್ತೆಂದು ಲೆಕ್ಕ ಹಾಕಿ ನೋಡಿದೆ. ಕಷ್ಟದ ಲೆಕ್ಕವಲ್ಲ. ಕಾಗದವನ್ನು ಹರಿದುಹಾಕಿದೆ.

ಮುಂದಿನ ತಿಂಗಳ ಒಂದನೆಯ ತಾರೀಕು ಕನ್ನಡಕದಾಕೆ ಕೌಂಟರಿಗೆ ಹೋದಳು. ವಿಂಗಡಣೆ ಕೋಣೆಯ ಹಗಲು ಪಾಳಿಯಲ್ಲಿ ಅವಳ ಜಾಗ ತೆರವಾಯಿತು. ಅದನ್ನು ಯಾರಿಗೆ ಕೊಡುವುದೆಂಬ ಪ್ರಶ್ನೆ ಬಂದಾಗ ಮೇಲಧಿಕಾರಿ ಅದೇ ಪಟ್ಟಿಯನ್ನು ತೆಗೆದು ಕೆಳಗಿನ ಹೆಸರು ನೋಡಿದರಂತೆ. ಕನ್ನಡಕದಾಕೆಯೂ ಒಂದು ಮಾತು ಸೇರಿಸಿದಳಂತೆ. ಏನೆಂದು ಸೊಸೆ ನನಗೆ ಹೇಳಲಿಲ್ಲ. ಕೌಂಟರಿನ ಕುರ್ಚಿ ಸಿಗಲಿಲ್ಲ; ಮೂಟೆ ತಪ್ಪಲಿಲ್ಲ; ಹೊತ್ತು ಮಾತ್ರ ಬದಲಾಯಿತು. ಬೆಳಿಗ್ಗೆ ಆರಕ್ಕೆ ಹೋಗಿ ಸಂಜೆ ನಾಲ್ಕಕ್ಕೆ ಬರುತ್ತಾಳೆ.

ಮೊದಲ ದಿನ ಸಂಜೆ ಏಳೂವರೆಗೆ ಮಗ ಬಂದು ಚಪ್ಪಲಿ ಬಿಟ್ಟ. ಬಾಗಿಲಲ್ಲಿ ಅವಳ ಚಪ್ಪಲಿ ಆಗಲೇ ಇತ್ತು. ಅವನು ಅದನ್ನು ನೋಡಿ, ತನ್ನದನ್ನು ಪಕ್ಕಕ್ಕೆ ಸರಿಯಾಗಿ ಜೋಡಿಸಿ ಒಳಗೆ ಬಂದ. ಅವನು ಹಾಗೆ ಜೋಡಿಸಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ವೈದ್ಯರ ಮಾತಿನಂತೆ ಎರಡು ವರ್ಷಗಳಿಂದ ನನ್ನ ಅಡಿಗೆಗೆ ಉಪ್ಪಿಲ್ಲ. ನನ್ನ ತಟ್ಟೆಯನ್ನು ಬೇರೆಯಾಗಿಯೇ ಬಡಿಸುತ್ತಾರೆ. ಆ ದಿನ ಹೆಂಡತಿ ಸಡಗರದಲ್ಲಿ ಎಲ್ಲವನ್ನೂ ಒಟ್ಟಿಗೆ ಬಡಿಸಿ ಮೇಜಿಗೆ ತಂದಳು. ನಾನು ಕುಳಿತು ನೋಡಿದೆ.

"ನಾಲ್ಕು ತಟ್ಟೆ" ಎಂದೆ. ಆರು ವರ್ಷಗಳಲ್ಲಿ ರಾತ್ರಿಯ ಊಟಕ್ಕೆ ಆ ಸಂಖ್ಯೆಯನ್ನು ಹೇಳುವ ಸಂದರ್ಭ ಹೆಚ್ಚು ಬಂದಿರಲಿಲ್ಲ. ಹಾಗಾಗಿ ಇನ್ನೊಮ್ಮೆ ಎಣಿಸಿದೆ. "ನಾಲ್ಕು ಜನ. ಸರಿ."

ಮಗ ಮೊದಲ ತುತ್ತು ಬಾಯಿಗಿಟ್ಟು ಮುಖ ಸಿಂಡರಿಸಿದ. ಅದೇ ಹೊತ್ತಿಗೆ ನನ್ನ ನಾಲಿಗೆಗೆ ಎರಡು ವರ್ಷಗಳ ಮೇಲೆ ಉಪ್ಪು ತಗಲಿತು.

ಸೊಸೆ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಎದ್ದು ಬಂದು ಎರಡು ತಟ್ಟೆಗಳನ್ನೂ ಅದಲುಬದಲು ಮಾಡಿದಳು.

"ಎಣಿಕೆ ಸರಿ ಮಾವ" ಎಂದಳು. "ಯಾರ ಮುಂದೆ ಯಾರದು ಅಂತ ಒಂದ್ಸಲ ನೋಡ್ಕೊಳ್ಳಿ."

"ನನ್ನ ಕಾಲೆಳೆಯುತ್ತಿದ್ದೀಯೆ" ಎಂದೆ.

"ಮೂವತ್ತನೇದು" ಎಂದಳು ಅವಳು, ಕುಳಿತುಕೊಳ್ಳುತ್ತ. "ಈಗ ಸರಿ ಹೇಳಿದ್ರಿ."